ಡಬ್ಬಿ ಊಟದ ಜಮಾ-ಖರ್ಚು

ಔರಾದ ತಾಲ್ಲೂಕಿನ ಅಜ್ಜಿಯೊಬ್ಬರು ಪತ್ರ ಬರೆಸಿದ್ದಾರೆ. ಅಕ್ಷರ ಮೊಮ್ಮಗಳದು, ಮಾತು ಅಜ್ಜಿಯದು. ಇದ್ದ ಹಾಗೇ ಕೊಡುತ್ತೇನೆ:

“ಅಣ್ಣಾರ, ನಮ್ಮ ಸೊಸಿ ಎರಡು ತಿಂಗಳಿಂದ ಮುಂಜಾನಿ ನಾಷ್ಟಾ ಬಿಟ್ಟಾಳ, ರಾತ್ರಿ ಊಟಾನೂ ಬಿಟ್ಟಾಳ. ಎರಡೂ ಹೊತ್ತು ಡಬ್ಬಿ ಪುಡಿ ಹಾಲಿನಾಗ ಕಲಸ್ಕೊಂಡು ಕುಡಿತಾಳ. ನಾಕು ಕಿಲೋ ಇಳದಾಳ, ಖರೆ. ತಿಂಗಳಿಗಿ ಆರು ಸಾವಿರ ರೂಪಾಯಿ ಹೋಗ್ತದ, ಅದೂ ಖರೆ. ಈಗ ಒಂಬತ್ತನೇ ಕ್ಲಾಸಿನ ಮೊಮ್ಮಗಳೂ ‘ನಾನೂ ಕುಡಿತೀನಿ’ ಅಂತ ಹಟ ಹಿಡದಾಳ. ಪುಡಿ ಮಾರೋ ಬಾಯಿ ಮನಿಗಿ ಬಂದು, ‘ಅಮ್ಮಾ, ನಿಮ್ಮ ಶುಗರ್ ಭೀ ಇಳೀತದ, ಗುಳಗಿ ಬಿಡ್ರಿ, ಇದು ಕುಡೀರಿ’ ಅಂತ ಹೇಳಿ ಹೋಗ್ಯಾಳ. ನನಗ ಎಪ್ಪತ್ತು ವರ್ಷ. ನಾವು ಮೂರೂ ಮಂದಿ ಕುಡೀಬೇಕೋ, ಬ್ಯಾಡೋ?”

ತನ್ನ ಹಟದ ಸುದ್ದಿಯನ್ನೂ ಮೊಮ್ಮಗಳು ಬಿಡದೆ ಬರೆದಿದ್ದಾಳೆ. ಅಷ್ಟೇ ಅಲ್ಲ, ಡಬ್ಬಿಯ ಮೇಲಿನ ಅಂಕಿಗಳನ್ನೂ ನಕಲು ಮಾಡಿ ಕಳಿಸಿದ್ದಾಳೆ. ಶಾಬಾಸ್ ಮಗಳೇ!

ನಾನು ವೈದ್ಯನಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಲೆಡ್ಜರ್ ಬರೆದವನು. ಆದ್ದರಿಂದ ನನಗೆ ಗೊತ್ತಿರುವ ದಾರಿಯಲ್ಲೇ, ಅಂದರೆ ಜಮಾ-ಖರ್ಚಿನ ದಾರಿಯಲ್ಲೇ ಉತ್ತರ ಕೊಡುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲು ಒಂದು ಮಾತು: ತಾಯೀ, ಗುಳಿಗೆ ಬಿಡಬೇಡಿ. ಪುಡಿ ಮಾರುವವರು ಹೇಳಿದರೆಂದು ಶುಗರ್, ಬಿ.ಪಿ. ಗುಳಿಗೆ ಬಿಡುವಂತಿಲ್ಲ. ಅದನ್ನು ಕೂಡಿಸುವುದು, ಕಡಿಮೆ ಮಾಡುವುದು ಡಾಕ್ಟರ ಕೆಲಸ. ಕಾರಣ ಮುಂದೆ ಹೇಳುತ್ತೇನೆ.

ಪುಡಿ ಎಲ್ಲಿಂದ ಬಂತು?

ಮಕ್ಕಳೇ, ಈ ಡಬ್ಬಿಯೊಳಗೆ ಇರುವುದೇನು? ಹೆಚ್ಚಾಗಿ ಎರಡರಲ್ಲಿ ಒಂದು. ಒಂದು, ಹಾಲಿನಿಂದ ಬಂದದ್ದು. ಅಮ್ಮ ಹಾಲು ಒಡೆಸಿ ಪನೀರ್ ಮಾಡಿದಾಗ ಹಸಿರು-ಹಳದಿ ಛಾಯೆಯ ತಿಳಿನೀರು ಉಳಿಯುತ್ತದಲ್ಲ, ಅದರಲ್ಲಿಯೂ ಪ್ರೋಟೀನ್ ಇದೆ. ಕಾರ್ಖಾನೆಯಲ್ಲಿ ಅಂಥ ನೀರನ್ನು ಸೋಸಿ ಒಣಗಿಸಿದರೆ ‘ವೇ’ ಪ್ರೋಟೀನ್ ಎಂಬ ಪುಡಿಯಾಗುತ್ತದೆ. ಇನ್ನೊಂದು, ಸೋಯಾದಿಂದ ಬಂದದ್ದು. ಬೀದರ್, ಭಾಲ್ಕಿ, ಔರಾದದ ಹೊಲಗಳಲ್ಲಿ ಮುಂಗಾರಿಗೆ ಬೆಳೆಯುತ್ತಾರಲ್ಲ, ಅದೇ ಸೋಯಾ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಿಂದ ಪ್ರೋಟೀನ್ ಬೇರ್ಪಡಿಸುತ್ತಾರೆ. ಅದಕ್ಕೆ ಸಕ್ಕರೆ ಅಥವಾ ಬೇರೆ ಸಿಹಿ, ಚಾಕೊಲೇಟಿನದೋ ಮಾವಿನದೋ ವಾಸನೆ, ಒಂದಿಷ್ಟು ವಿಟಮಿನ್ ಬೆರೆಸಿದರೆ ಊಟದ ಬದಲಿನ ಪುಡಿ ಸಿದ್ಧ. ನಮ್ಮ ಹೊಲದ ಕಾಳೇ ವೇಷ ಹಾಕಿಕೊಂಡು ಡಬ್ಬಿಯಲ್ಲಿ ಕೂತು ಮರಳಿ ಮನೆಗೆ ಬಂದಿರಬಹುದು!

ಇಂಥ ಪುಡಿ ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಎಂಬ ಆಹಾರ ಸಂಶೋಧನಾ ಸಂಸ್ಥೆ, ಎಣ್ಣೆ ತೆಗೆದ ಶೇಂಗಾ ಹಿಟ್ಟು ಮೂರು ಪಾಲು, ಹುರಿದ ಕಡಲೆ ಹಿಟ್ಟು ಒಂದು ಪಾಲು ಸೇರಿಸಿ, ವಿಟಮಿನ್ ಬೆರೆಸಿ, ಪ್ರೋಟೀನ್ ತುಂಬಿದ ಒಂದು ಆಹಾರ ತಯಾರಿಸಿತ್ತು. ಅದನ್ನು ಮಾಡಿದ್ದು ತೂಕ ಇಳಿಸಲಿಕ್ಕಲ್ಲ. ಹೊಟ್ಟೆ ತುಂಬ ಊಟ ಸಿಗದವರ ಮೈಗೆ ಬಲ ಬರಲಿ ಎಂದು. ಇಂದು ಅದೇ ಬಗೆಯ ಪುಡಿಯನ್ನು ಹೊಟ್ಟೆ ಹೆಚ್ಚು ತುಂಬಿದವರಿಗೆ ಮಾರುತ್ತಿದ್ದಾರೆ. ಪುಡಿ ಬದಲಾಗಿಲ್ಲ, ಗಿರಾಕಿ ಬದಲಾಗಿದ್ದಾರೆ.

ಸೊಸೆಯ ನಾಲ್ಕು ಕಿಲೋ ಹೋದದ್ದು ಹೇಗೆ?

ಈಗ ಲೆಕ್ಕ. ಮೈಯ ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿಯ ಶಿಲ್ಕು. ನಾಲ್ಕು ಕಿಲೋ ಎಂದರೆ 30,800. ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 513 ಕ್ಯಾಲೊರಿ. ಇಷ್ಟು ದಿನಾ ಕಡಿಮೆ ಬಿದ್ದರೆ ನಾಲ್ಕು ಕಿಲೋ ಇಳಿಯುತ್ತದೆ.

ನಾಷ್ಟಾ, ರಾತ್ರಿ ಊಟ ಒಂದೊಂದೂ 500 ಕ್ಯಾಲೊರಿ ಎಂದು ಹಿಡಿಯಿರಿ. ಹಾಲಿನಲ್ಲಿ ಕಲಸಿದ ಪುಡಿಯ ಒಂದು ಲೋಟ ಸುಮಾರು 250. ಎರಡು ಹೊತ್ತಿನ ವ್ಯತ್ಯಾಸ 500. ಲೆಕ್ಕ ಸರಿಯಾಗಿ ಕೂತಿತಲ್ಲ? ಅಂದರೆ ತೂಕ ಇಳಿಸಿದ್ದು ಲೋಟಕ್ಕೆ ಬಂದ ಪುಡಿಯಲ್ಲ, ತಾಟಿನಿಂದ ಹೋದ ಊಟ. ಪುಡಿಯಲ್ಲಿ ಕೊಬ್ಬು ಕರಗಿಸುವ ಮಾಯೆ ಇಲ್ಲ. ಪ್ರೋಟೀನ್ ಇರುವುದರಿಂದ ಬೇಗ ಹಸಿವಾಗುವುದಿಲ್ಲ, ಅಳತೆ ಮೊದಲೇ ನಿಗದಿಯಾಗಿರುವುದರಿಂದ ‘ಇನ್ನೊಂದು ರೊಟ್ಟಿ ಹಾಕು’ ಎನ್ನುವ ಪ್ರಸಂಗ ಬರುವುದಿಲ್ಲ. ಅದರ ಉಪಕಾರ ಅಷ್ಟು, ಅದು ಸಣ್ಣದೇನೂ ಅಲ್ಲ.

ಇನ್ನೊಂದು ಗುಟ್ಟು. ‘ಮೊದಲ ವಾರದಲ್ಲೇ ಎರಡು ಕಿಲೋ’ ಎಂಬ ಜಾಹೀರಾತು ನೋಡಿರಬಹುದು. ನಮ್ಮ ಪಿತ್ತಜನಕಾಂಗ ಮತ್ತು ಮಾಂಸಖಂಡಗಳಲ್ಲಿ ಒಂದಿಷ್ಟು ಸಕ್ಕರೆಯ ದಾಸ್ತಾನು ಇರುತ್ತದೆ, ಅದರ ಜೊತೆ ಅದರ ಮೂರು ಪಟ್ಟು ನೀರೂ ಇರುತ್ತದೆ. ಊಟ ಕಡಿಮೆಯಾದ ಕೂಡಲೇ ದಾಸ್ತಾನು ಖಾಲಿಯಾಗಿ ನೀರು ಹೊರಗೆ ಹೋಗುತ್ತದೆ. ಕಾಟಾದ ಮುಳ್ಳು ಇಳಿಯುತ್ತದೆ. ನಾಲ್ಕು ದಿನ ಸರಿಯಾಗಿ ಉಂಡರೆ ಆ ನೀರು ಮರಳಿ ಬರುತ್ತದೆ.

ಹಾಗಾದರೆ ಸೊಸೆ ಮಾಡಿದ್ದು ತಪ್ಪೇ? ಅಲ್ಲ. ತೂಕ ಹೆಚ್ಚಿದ್ದರೆ ಇಳಿಸಬೇಕು. ದೊಡ್ಡವರ ಲೆಕ್ಕ ಹೀಗೆ: ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 1.60 ಮೀಟರ್ ಎತ್ತರ, 64 ಕಿಲೋ ತೂಕವಿದ್ದರೆ ಉತ್ತರ 25. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ಮುಟ್ಟಿದರೆ ಬೊಜ್ಜು ಎನ್ನುತ್ತಾರೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ಪ್ರಶ್ನೆ ಇರುವುದು ಮುಂದಿನ ತಿಂಗಳದು. ಡಬ್ಬಿ ನಿಂತ ದಿನ ಹಳೆಯ ತಾಟು ಮರಳಿ ಬಂದರೆ ಹಳೆಯ ತೂಕವೂ ಮರಳಿ ಬರುತ್ತದೆ. ಡಬ್ಬಿಯಲ್ಲಿ ಇದ್ದಷ್ಟು ದಿನ, ಎಷ್ಟು ಉಣ್ಣಬೇಕು ಎಂಬ ಪಾಠ ಕಲಿತಿರುವುದಿಲ್ಲವಲ್ಲ!

ಅದೇ 513 ಕ್ಯಾಲೊರಿಯನ್ನು ಡಬ್ಬಿಯಿಲ್ಲದೆ ಉಳಿಸಬಹುದೇ? ನೋಡಿ. ಒಂದು ಜೋಳದ ರೊಟ್ಟಿ ಕಡಿಮೆ, 170. ಮೂರು ಕಪ್ ಚಹಾದಲ್ಲಿ ಎರಡೆರಡು ಚಮಚ ಸಕ್ಕರೆ ಬಿಟ್ಟರೆ, 120. ಪಲ್ಯದ ಒಗ್ಗರಣೆಯಲ್ಲಿ ಎರಡು ಸಣ್ಣ ಚಮಚ ಎಣ್ಣೆ ಕಡಿಮೆ, 90. ಸಂಜೆ ನಲವತ್ತು ನಿಮಿಷ ಬಿರುಸಿನ ನಡಿಗೆ, ಸುಮಾರು 130. ಕೂಡಿಸಿದರೆ 510. ಮೂರು ಕ್ಯಾಲೊರಿಗೆ ನಾನು ವಿನಾಯಿತಿ ಕೊಡುತ್ತೇನೆ.

ಒಂದು ಗ್ರಾಂ ಪ್ರೋಟೀನಿನ ಧಾರಣಿ

‘ಆದರೆ ಪ್ರೋಟೀನ್?’ ಎಂದು ಸೊಸೆ ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕದಲ್ಲಿ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನ್ ಬೇಕು. ನಮ್ಮ ಮನ್ನಳ್ಳಿ ಕಡೆಯ ಅಡುಗೆಮನೆಯಲ್ಲಿ ಅದು ಸಿಗುತ್ತದೆಯೇ?

ಮೂರು ಜೋಳದ ರೊಟ್ಟಿ, ಅಂದರೆ 150 ಗ್ರಾಂ ಹಿಟ್ಟು: 15 ಗ್ರಾಂ. ತೊಗರಿ ಬ್ಯಾಳಿ 40 ಗ್ರಾಂ: 9. ಹೆಸರುಕಾಳಿನ ಉಸುಳಿಗೆ ಕಾಳು 40 ಗ್ರಾಂ: 9. ಶೇಂಗಾ ಹಿಂಡಿಗೆ ಶೇಂಗಾ 20 ಗ್ರಾಂ: 5. ಹಾಲು-ಮೊಸರು ಸೇರಿ ಕಾಲು ಲೀಟರ್: 8. ಒಟ್ಟು 46. ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ! ಮೊಟ್ಟೆ ತಿನ್ನುವವರು ಒಂದು ಮೊಟ್ಟೆಗೆ 6 ಗ್ರಾಂ ಕೂಡಿಸಿಕೊಳ್ಳಿ.

ರೊಟ್ಟಿಯ ಜೊತೆ ಬ್ಯಾಳಿ ಇರಲೇಬೇಕು ಎಂದು ಹಿರಿಯರು ಹಟ ಹಿಡಿಯುವುದರಲ್ಲೂ ಅರ್ಥವಿದೆ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಜೋಳದಲ್ಲಿ ಸಿಗುತ್ತದೆ. ಒಂದರ ಸಾಲ ಇನ್ನೊಂದು ತೀರಿಸುತ್ತದೆ.

ಇನ್ನು ಧಾರಣಿ ನೋಡೋಣ. ತಿಂಗಳಿಗೆ 6,000 ರೂಪಾಯಿ, ದಿನಕ್ಕೆ ಎರಡು ಲೋಟ, ಅಂದರೆ ಒಂದು ಲೋಟದ ಪುಡಿಗೆ 100 ರೂಪಾಯಿ. ಮೊಮ್ಮಗಳು ಕಳಿಸಿದ ಅಂಕಿಯ ಪ್ರಕಾರ ಒಂದು ಸಲಕ್ಕೆ 30 ಗ್ರಾಂ ಪುಡಿ. ಡಬ್ಬಿಯ ಮುಖದ ಮೇಲೆ ದೊಡ್ಡ ಅಕ್ಷರದಲ್ಲಿ ‘18 ಗ್ರಾಂ ಪ್ರೋಟೀನ್’. ಹಿಂದೆ ಸಣ್ಣ ಅಕ್ಷರದಲ್ಲಿ ‘250 ಮಿಲಿಲೀಟರ್ ಹಾಲಿನೊಂದಿಗೆ’. ಅದರಲ್ಲಿ 8 ಗ್ರಾಂ ನಿಮ್ಮ ಮನೆಯ ಹಾಲಿನದು! ಪುಡಿಯದು 10 ಗ್ರಾಂ ಮಾತ್ರ. ನೂರು ರೂಪಾಯಿಗೆ 10 ಗ್ರಾಂ, ಅಂದರೆ ಒಂದು ಗ್ರಾಂ ಪ್ರೋಟೀನಿಗೆ 10 ರೂಪಾಯಿ.

ತೊಗರಿ ಬ್ಯಾಳಿ ಕಿಲೋಕ್ಕೆ 150 ರೂಪಾಯಿ ಎಂದು ಹಿಡಿಯಿರಿ. ಕಿಲೋದಲ್ಲಿ ಸುಮಾರು 220 ಗ್ರಾಂ ಪ್ರೋಟೀನ್. ಗ್ರಾಂಗೆ 68 ಪೈಸೆ. ಪುಟಾಣಿ ಕಿಲೋಕ್ಕೆ 120 ಎಂದರೆ 55 ಪೈಸೆ. ಮೊಟ್ಟೆ 7 ರೂಪಾಯಿ ಎಂದರೆ 1 ರೂಪಾಯಿ 17 ಪೈಸೆ. ಪುಡಿಯಲ್ಲಿ ವಿಟಮಿನ್ ಸೇರಿದೆ, ಕಲಸುವುದು ಸುಲಭ, ಒಪ್ಪಿದೆ. ಆ ಸುಲಭಕ್ಕೆ ಕೊಡುತ್ತಿರುವ ಬೆಲೆ ಎಷ್ಟು ಎಂಬುದು ಮಾತ್ರ ಗೊತ್ತಿರಲಿ.

ಡಬ್ಬಿಯ ಮೇಲೆ ಬರೆದದ್ದೆಲ್ಲ ಒಳಗಿದೆ ಎನ್ನುವ ಖಾತರಿಯೂ ಇಲ್ಲ. ಕೇರಳದ ವೈದ್ಯರಿದ್ದ ತಂಡವೊಂದು ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ನೂರಕ್ಕೆ 70ರಲ್ಲಿ ಪ್ರೋಟೀನಿನ ಅಂಕಿ ಸರಿಯಿರಲಿಲ್ಲ. ಕೆಲವದರಲ್ಲಿ ಬರೆದದ್ದರ ಅರ್ಧವಷ್ಟೇ ಇತ್ತು.

ಮೊಮ್ಮಗಳ ಖಾತೆ

ಮಗಳೇ, ನಿನ್ನ ಖಾತೆ ನಿನ್ನ ಅಮ್ಮನ ಖಾತೆಗಿಂತ ಬೇರೆ. ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಸಾಕು. ಹದಿಮೂರರಿಂದ ಹದಿನೈದು ವರ್ಷದ ಹುಡುಗಿಗೆ 2,400 ಬೇಕು! ನೀನು ಅಮ್ಮನಿಗಿಂತ ಗಿಡ್ಡ ಇರಬಹುದು, ಆದರೆ ನಿನ್ನ ಮೈಯಲ್ಲಿ ಮನೆ ಕಟ್ಟುವ ಕೆಲಸ ನಡೆದಿದೆ. ಎಲುಬು ಉದ್ದವಾಗಬೇಕು, ರಕ್ತ ಹೆಚ್ಚಬೇಕು. ಗೋಡೆ ಏಳುತ್ತಿರುವಾಗ ಇಟ್ಟಿಗೆ ಗಾಡಿ ನಿಲ್ಲಿಸುತ್ತಾರೆಯೇ?

ದೊಡ್ಡವರ 23-25ರ ಲೆಕ್ಕವೂ ನಿನಗೆ ಅನ್ವಯಿಸುವುದಿಲ್ಲ. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ತಖ್ತೆ ಇದೆ, ಡಾಕ್ಟರು ನೋಡಿ ಹೇಳುತ್ತಾರೆ. ತೂಕ ನಿಜವಾಗಿ ಹೆಚ್ಚಿದೆ ಎಂದು ಅವರು ಹೇಳಿದರೂ, ಮಾಡಬೇಕಾದದ್ದು ಊಟ ಬಿಡುವುದಲ್ಲ. ಕುರುಕಲು, ಸಿಹಿ ಪಾನೀಯ ಬಿಡುವುದು, ದಿನಾ ಒಂದು ತಾಸು ಮೈದಾನದಲ್ಲಿ ಆಡುವುದು. ಇನ್ನೂ ಎತ್ತರ ಬೆಳೆಯುವ ಮಗು ತೂಕ ಇದ್ದಲ್ಲೇ ಹಿಡಿದು ನಿಲ್ಲಿಸಿದರೂ ತೆಳ್ಳಗಾಗುತ್ತದೆ.

ಇದೇ ಜಿಲ್ಲೆಯ ಇನ್ನೊಂದು ಪುಟವನ್ನೂ ನೋಡು. ಮಕ್ಕಳಲ್ಲಿ ಪೌಷ್ಟಿಕಾಂಶದ ಕೊರತೆ ಹೆಚ್ಚೆಂದು ಬೀದರ್ ಸೇರಿ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. 2013ರಿಂದಲೇ ಕ್ಷೀರಭಾಗ್ಯದ ಹಾಲೂ ಇದೆ. ಮಕ್ಕಳ ಮೈಗೆ ಪ್ರೋಟೀನ್ ಕೂಡಿಸಲು ಶಾಲೆ ಇಷ್ಟು ಪಾಡು ಪಡುತ್ತಿರುವಾಗ, ಮನೆಯಲ್ಲಿ ಊಟ ಬಿಟ್ಟು ಕಳೆಯುವುದು ಯಾವ ನ್ಯಾಯ? ‘ದಪ್ಪಗಿದ್ದೀ’ ಎಂದು ಯಾರಾದರೂ ಚುಡಾಯಿಸಿ ನೀನು ಈ ಹಟ ಹಿಡಿದಿದ್ದರೆ, ಆ ಮಾತನ್ನು ಅಜ್ಜಿಯ ಮುಂದೆ ಹೇಳು. ಔಷಧ ಬೇಕಾದದ್ದು ಚುಡಾಯಿಸಿದವರ ನಾಲಗೆಗೆ, ನಿನ್ನ ತಾಟಿಗಲ್ಲ.

ಅಜ್ಜಿಯ ಖಾತೆ

‘ಪುಡಿಯಿಂದ ಶುಗರ್ ಇಳಿಯುತ್ತದೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಪಾಯ. ಬ್ರಿಟನ್ನಿನಲ್ಲಿ ‘ಡೈರೆಕ್ಟ್’ ಎಂಬ ಹೆಸರಿನ ದೊಡ್ಡ ಅಧ್ಯಯನ ನಡೆಯಿತು, 2017ರಲ್ಲಿ ಫಲಿತಾಂಶ ಬಂತು. ಸಕ್ಕರೆ ಕಾಯಿಲೆಯ ಸುಮಾರು 300 ಜನರಲ್ಲಿ ಅರ್ಧದಷ್ಟು ಮಂದಿಗೆ ಮೂರರಿಂದ ಐದು ತಿಂಗಳು ಎಲ್ಲ ಊಟದ ಬದಲು ದಿನಕ್ಕೆ 825-853 ಕ್ಯಾಲೊರಿಯ ಪುಡಿಯ ಆಹಾರವನ್ನೇ ಕೊಟ್ಟರು. ಆಮೇಲೆ ವಾರವಾರಕ್ಕೆ ಊಟವನ್ನು ಮರಳಿ ಕಲಿಸಿದರು. ಒಂದು ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 46 ಜನರ ಶುಗರ್ ಗುಳಿಗೆಯಿಲ್ಲದೆ ಹತೋಟಿಗೆ ಬಂದಿತ್ತು. ಎರಡನೇ ವರ್ಷಕ್ಕೆ ಅದು 36ಕ್ಕೆ ಇಳಿಯಿತು. ಅದೂ ಒಳ್ಳೆಯ ಫಲವೇ.

ಆದರೆ ಕರಾರು ಓದಿ. ಅದರಲ್ಲಿ ಸೇರಿಸಿಕೊಂಡದ್ದು 20ರಿಂದ 65 ವರ್ಷದವರನ್ನು. ಕಾಯಿಲೆ ಬಂದು ಆರು ವರ್ಷದೊಳಗಿನವರನ್ನು. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಬಿಟ್ಟರು. ಗುಳಿಗೆ ನಿಲ್ಲಿಸಿದ್ದು ವೈದ್ಯರ ಕಣ್ಣೆದುರಿಗೆ. ಎಪ್ಪತ್ತರ ಅಜ್ಜಿ ಆ ಪಟ್ಟಿಯಲ್ಲೇ ಇಲ್ಲ. ಗುಳಿಗೆ ನುಂಗಿ ಊಟ ಬಿಟ್ಟರೆ ಶುಗರ್ ಒಮ್ಮೆಲೇ ಕೆಳಗೆ ಬಿದ್ದು ಕಣ್ಣು ಕತ್ತಲೆ ಬರಬಹುದು. ತಾವಾಗಿಯೇ ಗುಳಿಗೆ ಬಿಟ್ಟರೆ ಶುಗರ್ ಮೇಲೇರಬಹುದು. ಎರಡೂ ಕಡೆ ಗುಂಡಿ. ಬಹಳ ವರ್ಷದ ಶುಗರ್ ಇದ್ದವರ ಮೂತ್ರಪಿಂಡ ಸೊರಗಿರುವುದುಂಟು, ಅಂಥವರಿಗೆ ಹೆಚ್ಚಿನ ಪ್ರೋಟೀನ್ ಭಾರ. ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಯಾವ ಡಬ್ಬಿಯನ್ನೂ ತೆರೆಯಬೇಡಿ.

ಇನ್ನೊಂದು ಮಾತು ನನ್ನ ವಯಸ್ಸಿನವರಿಗೆಲ್ಲ. ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಕರಗುತ್ತದೆ. ಅದು ನಮ್ಮ ಹಳೆಯ ಠೇವಣಿ. ಈ ವಯಸ್ಸಿನಲ್ಲಿ ಅವಸರದಿಂದ ತೂಕ ಇಳಿಸಿದರೆ ಕೊಬ್ಬಿನ ಜೊತೆ ಠೇವಣಿಯೂ ಒಡೆಯುತ್ತದೆ. ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುತ್ತದೆ, ಬಚ್ಚಲಲ್ಲಿ ಕಾಲು ಜಾರುತ್ತದೆ. ಮೂತ್ರಪಿಂಡ ಚೆನ್ನಾಗಿರುವ ಹಿರಿಯರಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ತಜ್ಞರು ಹೇಳುತ್ತಾರೆ. ಅದು ತರುಣರಿಗಿಂತ ಹೆಚ್ಚು. ಹಲ್ಲಿಲ್ಲದಿದ್ದರೆ ಬ್ಯಾಳಿ ಮೆತ್ತಗೆ ಬೇಯಿಸಿ, ಝುಣಕ ತೆಳ್ಳಗೆ ಮಾಡಿ, ಪುಟಾಣಿ ಪುಡಿ ಹಾಲಿಗೆ ಕಲಸಿ. ಆಪರೇಷನ್ ಆಗಿ ಉಣ್ಣಲಾಗದವರಿಗೆ ಡಾಕ್ಟರೇ ಡಬ್ಬಿ ಬರೆದುಕೊಟ್ಟರೆ ಆಗ ಅದು ಔಷಧದಂತೆ, ಸಂಕೋಚವಿಲ್ಲದೆ ತೆಗೆದುಕೊಳ್ಳಿ.

ಬರೀ ಪ್ರೋಟೀನನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಕಹಿ ಕಥೆಯಿದೆ. 1976ರಲ್ಲಿ ಒಬ್ಬ ವೈದ್ಯರ ಪುಸ್ತಕದಿಂದ ಅಲ್ಲಿ ದ್ರವ ಪ್ರೋಟೀನಿನ ಹುಚ್ಚು ಹಬ್ಬಿತು. ದನದ ಚರ್ಮ, ನರಗಳಿಂದ ತೆಗೆದ ಕೀಳು ಪ್ರೋಟೀನ್ ಅದು. ಬೇರೇನೂ ತಿನ್ನದೆ ತಿಂಗಳುಗಟ್ಟಲೆ ಅದನ್ನೇ ಕುಡಿದವರಲ್ಲಿ ಐವತ್ತಕ್ಕೂ ಹೆಚ್ಚು ಸಾವುಗಳು ವರದಿಯಾದವು. ಹಲವರ ಹೃದಯದ ಬಡಿತವೇ ತಾಳ ತಪ್ಪಿತ್ತು. ಇಂದಿನ ಪುಡಿಗಳು ಅದಕ್ಕಿಂತ ಎಷ್ಟೋ ಮೇಲು. ಆದರೂ ಪಾಠ ಹಳತಾಗಿಲ್ಲ.

ಡಬ್ಬಿ ಕೊಳ್ಳುವ ಮುಂಚೆ

ಡಬ್ಬಿಯ ಮೇಲೆ ಎಫ್.ಎಸ್.ಎಸ್.ಎ.ಐ. ಗುರುತು, 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಇಂಥ ಪೂರಕಗಳ ಮೇಲೆ ‘ಔಷಧಿಯ ಬಳಕೆಗಲ್ಲ’ ಎಂಬರ್ಥದ ಸಾಲನ್ನು ಕಡ್ಡಾಯವಾಗಿ ಅಚ್ಚು ಹಾಕಬೇಕು. ಡಬ್ಬಿಯೇ ‘ನಾನು ಔಷಧಿಯಲ್ಲ’ ಎನ್ನುತ್ತಿರುವಾಗ, ಮಾರುವವರು ‘ಗುಳಿಗೆ ಬಿಡಿ’ ಎಂದರೆ ಯಾರ ಮಾತು ನಂಬಬೇಕು, ನೀವೇ ಹೇಳಿ. ‘ನೀವೂ ಸೇರಿ, ಇನ್ನೂ ನಾಲ್ವರನ್ನು ಸೇರಿಸಿ, ಕಮಿಷನ್ ಬರುತ್ತದೆ’ ಎಂದು ಶುರುವಾದರೆ ಎಚ್ಚರ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಸಿಗುವ ಪಿರಮಿಡ್ ವ್ಯವಹಾರವನ್ನು 2021ರ ನೇರ ಮಾರಾಟದ ನಿಯಮಗಳು ನಿಷೇಧಿಸಿವೆ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈಗ ಅಜ್ಜಿಯ ಪ್ರಶ್ನೆಗೆ ಚುಟುಕು ಉತ್ತರ. ಸೊಸೆ: ಡಾಕ್ಟರನ್ನು ಒಮ್ಮೆ ಕಂಡು, ದಿನಕ್ಕೆ ಒಂದೇ ಲೋಟಕ್ಕೆ ಇಳಿದು, ಆಮೇಲೆ ಉಸುಳಿ-ಮಜ್ಜಿಗೆಗೆ ಬರಲಿ. ನಡಿಗೆ ಬಿಡದಿರಲಿ. ಮೊಮ್ಮಗಳು: ಬೇಡವೇ ಬೇಡ. ಅಜ್ಜಿ: ಡಾಕ್ಟರು ಬರೆದುಕೊಡದ ಹೊರತು ಬೇಡ.

ಈ ವಾರದ ಲೆಕ್ಕ, ಮಕ್ಕಳೇ: ಮನೆಯಲ್ಲಿರುವ ಐದು ಪದಾರ್ಥ ಆರಿಸಿ. ಹೆಸರು, ಕಡಲೆ, ಶೇಂಗಾ, ಹಾಲು, ಬಿಸ್ಕತ್ತು, ಯಾವುದಾದರೂ ಸರಿ. ಪೊಟ್ಟಣದ ಹಿಂದೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಬರೆದಿರುತ್ತಾರೆ. 100 ಗ್ರಾಂನ ಬೆಲೆಯನ್ನು ಆ ಅಂಕಿಯಿಂದ ಭಾಗಿಸಿ. ಒಂದು ಗ್ರಾಂ ಪ್ರೋಟೀನಿನ ಧಾರಣಿ ಸಿಗುತ್ತದೆ. ಅಗ್ಗದ್ದನ್ನು ಮೇಲೆ, ತುಟ್ಟಿಯದನ್ನು ಕೆಳಗೆ ಬರೆಯಿರಿ. ಪಟ್ಟಿ ಮುಗಿದ ಮೇಲೆ ಅಜ್ಜ-ಅಜ್ಜಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ತಾಳೆ ನೋಡದ ಲೆಕ್ಕ ಲೆಕ್ಕವಲ್ಲ.